ತಂತಿ ಕಳಚಿದ ಪೇಸ್‌ಮೇಕರ್

ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡಿಕೊಂಡು ಎಣಿಸಿದರೆ, ಆರೋಗ್ಯವಂತನಾದ ಮನುಷ್ಯನ ನಾಡಿ ನಿಮಿಷಕ್ಕೆ ಸುಮಾರು ೭೦ ಸಲ ಮಿಡಿಯುತ್ತದೆ. ಈ ಲೆಕ್ಕ ೩೦ಕ್ಕೆ, ೨೫ಕ್ಕೆ ಇಳಿದುಬಿಟ್ಟರೆ ಗತಿಯೇನು? ಮಾತನಾಡುತ್ತಿದ್ದವನು ನಡುವೆಯೇ ನಿಲ್ಲಿಸುತ್ತಾನೆ, ಮುಖ ಬಿಳಿಚಿಕೊಳ್ಳುತ್ತದೆ, ಕುಳಿತಲ್ಲೇ ಒರಗುತ್ತಾನೆ. ಅರ್ಧ ನಿಮಿಷದೊಳಗೆ ಕಣ್ಣು ತೆರೆದರೆ ಬದುಕಿದ, ತೆರೆಯದಿದ್ದರೆ ಇಲ್ಲ. ಗಾಳಿ ಸೋಕಿತೆಂದೋ ಪಿತ್ತ ಕೆರಳಿತೆಂದೋ ಹಿಂದಿನವರು ಸಮಾಧಾನ ಹೇಳಿಕೊಳ್ಳುತ್ತಿದ್ದ ಈ ಮೂರ್ಛೆಗೂ ನಿಧಾನವಾದ ನಾಡಿಗೂ ಸಂಬಂಧವುಂಟೆಂದು ಡಬ್ಲಿನ್ ನಗರದ ವೈದ್ಯ ರಾಬರ್ಟ್ ಆಡಮ್ಸ್ ೧೮೨೭ರಲ್ಲಿ ಬರೆದಿಟ್ಟನು. ಅದೇ ಊರಿನ ವಿಲಿಯಮ್ ಸ್ಟೋಕ್ಸ್ ೧೮೪೬ರಲ್ಲಿ ಆ ಮಾತನ್ನು ಇನ್ನಷ್ಟು ರೋಗಿಗಳ ಸಾಕ್ಷ್ಯದಿಂದ ಬಲಪಡಿಸಿದನು. ಇಂದಿಗೂ ಈ ಮೂರ್ಛೆಗೆ ವೈದ್ಯರು ಕೊಡುವುದು ಅವರಿಬ್ಬರ ಹೆಸರನ್ನೇ.

ಕಾರಣ ತಿಳಿಯಲು ಮತ್ತೆ ೬೦ ವರ್ಷ ಹಿಡಿಯಿತು. ಹೃದಯದ ಮೇಲ್ಗಡೆಯ ಬಲ ಕೋಣೆಯ, ಎಂದರೆ ಬಲ ಹೃತ್ಕರ್ಣದ, ಗೋಡೆಯಲ್ಲಿ ಒಂದು ಚಿಕ್ಕ ಗಂಟು ಇದೆ. ವಿದ್ಯುತ್ತಿನ ಸೂಚನೆ ಹೊರಡುವುದು ಅಲ್ಲಿಂದ. ಅದು ಎರಡು ಹೃತ್ಕರ್ಣಗಳನ್ನೂ ಹಿಂಡಿ, ನಡುವಣ ಇನ್ನೊಂದು ಗಂಟಿಗೆ ಬಂದು, ಅರೆಕ್ಷಣ ತಡೆದು, ನಾರಿನಂಥ ಒಂದು ಕಟ್ಟಿನ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ನಡುವಣ ಗಂಟನ್ನು ೧೯೦೬ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿದ್ದ ಜಪಾನಿನ ಸುನಾವೊ ತವಾರ ವಿವರಿಸಿದನು. ಮೇಲಿನದನ್ನು ಮರುವರ್ಷ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಕಂಡರು. ಈ ದಾರಿ ಎಲ್ಲಿಯಾದರೂ ಕಡಿದುಹೋದರೆ ಮೇಲಿನ ಕೋಣೆಗಳು ತಮ್ಮ ಪಾಡಿಗೆ ತಾವು ಮಿಡಿಯುತ್ತಿರುತ್ತವೆ. ಕೆಳಗಿನವು ಯಜಮಾನನ ಅಪ್ಪಣೆ ಬಾರದ ಆಳುಗಳಂತೆ ಮನಸ್ಸು ಬಂದಾಗ ಒಂದು ಪೆಟ್ಟು ಹಾಕುತ್ತವೆ. ರೋಗದ ಮೂಲ ತಿಳಿಯಿತು. ಔಷಧ ಮಾತ್ರ ಇರಲಿಲ್ಲ.

ಹೊರಗಿನಿಂದ ವಿದ್ಯುತ್ತು ಕೊಟ್ಟು ಹೃದಯವನ್ನು ಎಬ್ಬಿಸುವ ಪ್ರಯತ್ನಗಳು ನಡೆದೇ ಇದ್ದುವು. ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ ೧೯೩೨ರಲ್ಲಿ ಕೈಯಿಂದ ತಿರುವುವ ಯಂತ್ರವೊಂದನ್ನು ಮಾಡಿ ಅದಕ್ಕೆ ಕೃತಕ ಪೇಸ್‌ಮೇಕರ್ ಎಂದು ಹೆಸರಿಟ್ಟನು. ಬಾಸ್ಟನ್ನಿನ ಪಾಲ್ ಜೋಲ್ ೧೯೫೨ರಲ್ಲಿ ಎದೆಯ ಚರ್ಮದ ಮೇಲಿಂದಲೇ ವಿದ್ಯುತ್ತಿನ ಪೆಟ್ಟು ಕೊಟ್ಟು ರೋಗಿಗಳನ್ನು ಉಳಿಸಿದನು. ಆದರೆ ಆ ಪೆಟ್ಟಿನ ನೋವನ್ನು ಬಹಳ ಹೊತ್ತು ತಾಳುವವರು ಯಾರು? ಚರ್ಮ ಸುಡುತ್ತಿತ್ತು, ಯಂತ್ರವೋ ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದಿತ್ತು. ೧೯೫೭ರ ಅಕ್ಟೋಬರ್ ೩೧ರಂದು ಅಮೆರಿಕದ ಮಿನಿಯಾಪೊಲಿಸ್ ಪಟ್ಟಣದಲ್ಲಿ ಕರೆಂಟು ಹೋಯಿತು. ಅಲ್ಲಿನ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಎಳೆಯ ಮಕ್ಕಳ ಹೃದಯದ ತೂತು ಮುಚ್ಚಿ, ಹೃದಯಕ್ಕೆ ತಂತಿ ಹೊಲಿದು, ಗೋಡೆಯ ವಿದ್ಯುತ್ತಿನಿಂದಲೇ ಅವರ ನಾಡಿಯನ್ನು ನಡೆಸುತ್ತಿದ್ದನು. ದೀಪ ಹೋದರೆ ಜೀವವೂ ಹೋದೀತೆಂಬ ಭಯ ಅಂದು ನಿಜವಾಗಿ ತಟ್ಟಿತು. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕನ್ ಎಂಬಾತ, ಸಂಗೀತ ಕಲಿಯುವವರಿಗೆ ತಾಳ ಹಾಕಿಕೊಡುವ ಮೆಟ್ರೋನೋಮ್ ಪೆಟ್ಟಿಗೆಯ ನಕ್ಷೆಯೊಂದನ್ನು ಹವ್ಯಾಸಿಗಳ ಪತ್ರಿಕೆಯಲ್ಲಿ ಕಂಡಿದ್ದನು. ಅದನ್ನೇ ಆಧಾರವಾಗಿಟ್ಟುಕೊಂಡು ನಾಲ್ಕು ವಾರದಲ್ಲಿ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ಪೇಸ್‌ಮೇಕರನ್ನು ಕಟ್ಟಿಕೊಟ್ಟನು. ಹೃದಯಕ್ಕೆ ತಾಳದ ಪೆಟ್ಟಿಗೆ! ೧೯೪೯ರಲ್ಲಿ ಒಂದು ಗ್ಯಾರೇಜಿನಲ್ಲಿ ಆತ ತೆರೆದಿದ್ದ ಮೆಡ್‌ಟ್ರಾನಿಕ್ ಎಂಬ ಸಂಸ್ಥೆಯ ಹೆಸರು ಮುಂದೆ ಮತ್ತೆ ಬರುತ್ತದೆ, ವಾಚಕರು ನೆನಪಿಟ್ಟಿರಬೇಕು.

ಪೆಟ್ಟಿಗೆಯೇನೋ ಕೈಯಲ್ಲಿ ಹಿಡಿಯುವಷ್ಟಾಯಿತು. ಆದರೆ ತಂತಿ ಇನ್ನೂ ಚರ್ಮವನ್ನು ತೂರಿ ಹೊರಕ್ಕೆ ಬರುತ್ತಿತ್ತು. ಆ ತೂತಿನ ಮೂಲಕ ಸೋಂಕು ಒಳಗೆ ಹೋಗುತ್ತಿತ್ತು. ಇಡಿಯ ಯಂತ್ರವನ್ನೇ ದೇಹದೊಳಗೆ ಹೂತುಬಿಡುವ ಸಾಹಸಕ್ಕೆ ಮೊದಲು ಕೈಹಾಕಿದವರು ಸ್ವೀಡನ್ ದೇಶದ ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಓಕೆ ಸೆನ್ನಿಂಗ್. ಅವರು ಕೈಹಾಕಿದರು ಎನ್ನುವುದಕ್ಕಿಂತ ಒಬ್ಬ ಹೆಂಗಸು ಕೈಹಾಕಿಸಿದಳು ಎನ್ನುವುದೇ ಸರಿ. ಆರ್ನೆ ಲಾರ್ಸನ್ ಎಂಬ ೪೩ ವರ್ಷದ ಗೃಹಸ್ಥನಿಗೆ ದಿನಕ್ಕೆ ಹತ್ತಾರು ಸಲ ಮೂರ್ಛೆ ಬರುತ್ತಿತ್ತು. ಆತನ ಹೆಂಡತಿ ಎಲ್ಸೆ-ಮರೀ ಆಸ್ಪತ್ರೆಗೂ ಪ್ರಯೋಗಶಾಲೆಗೂ ನಡುವೆ ಓಡಾಡಿ, ಯಂತ್ರ ಇನ್ನೂ ಸಿದ್ಧವಿಲ್ಲವೆಂದವರನ್ನು ಬಿಡದೆ ಕಾಡಿ ಒಪ್ಪಿಸಿದಳು. ಎಲ್ಮ್‌ಕ್ವಿಸ್ಟ್ ಬೂಟುಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿ, ಯಂತ್ರದ ಭಾಗಗಳ ಮೇಲೆ ರಾಳ ಎರಕ ಹೊಯ್ದನು. ೧೯೫೮ರ ಅಕ್ಟೋಬರ್ ೮ರಂದು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಸೆನ್ನಿಂಗ್ ಅದನ್ನು ಲಾರ್ಸನ್ನನ ದೇಹದೊಳಗೆ ಇಟ್ಟನು. ಅದು ಕೆಲವೇ ಗಂಟೆ ನಡೆದು ನಿಂತುಹೋಯಿತು. ಜೊತೆಗೆ ಮಾಡಿಟ್ಟಿದ್ದ ಇನ್ನೊಂದನ್ನು ಇಟ್ಟರು. ಮುಂದೆ ಆತ ಒಂದಾದ ಮೇಲೆ ಒಂದರಂತೆ ೨೬ ಪೇಸ್‌ಮೇಕರುಗಳನ್ನು ಸವೆಸಿ, ಎಲ್ಮ್‌ಕ್ವಿಸ್ಟ್ ೧೯೯೬ರಲ್ಲೂ ಸೆನ್ನಿಂಗ್ ೨೦೦೦ದಲ್ಲೂ ತೀರಿಹೋದ ಮೇಲೆಯೂ ಬದುಕಿದ್ದು, ೨೦೦೧ರ ಡಿಸೆಂಬರಿನಲ್ಲಿ ೮೬ನೆಯ ವಯಸ್ಸಿನಲ್ಲಿ ಹೃದಯಕ್ಕೆ ಸಂಬಂಧವಿಲ್ಲದ ಅರ್ಬುದ ರೋಗದಿಂದ ಕಾಲವಾದನು.

ಲಾರ್ಸನ್ನನ ಹೃದಯಕ್ಕೆ ತಂತಿ ಹೊಲಿಯಲು ಎದೆ ತೆರೆಯಬೇಕಾಗಿತ್ತು. ಅದೇ ೧೯೫೮ರಲ್ಲಿ ನ್ಯೂಯಾರ್ಕಿನ ಸೇಮರ್ ಫರ್ಮನ್ ರಕ್ತನಾಳದ ಮೂಲಕವೇ ತಂತಿಯನ್ನು ಹೃದಯದ ಒಳಕ್ಕೆ ಇಳಿಸಿ, ಎದೆ ತೆರೆಯದೆ ಕೆಲಸ ಸಾಧಿಸಬಹುದೆಂದು ತೋರಿಸಿದನು. ಮುಂದಿನ ಅರ್ಧ ಶತಮಾನ ಅವನ ದಾರಿಯೇ ರಾಜಮಾರ್ಗವಾಯಿತು: ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಒಂದು ಜೇಬು, ಅದರೊಳಗೆ ಯಂತ್ರ, ಅಲ್ಲಿಂದ ಅಭಿಧಮನಿಯಲ್ಲಿ ಇಳಿದು ಬಲ ಹೃತ್ಕುಕ್ಷಿಯ ಗೋಡೆಗೆ ಅಂಟಿದ ತಂತಿ. ನಮ್ಮ ಪರಿಚಯದ ಹಿರಿಯರ ಎಡ ಎದೆಯ ಮೇಲೆ ಬೆಂಕಿಪೊಟ್ಟಣದಂತೆ ಉಬ್ಬಿ ಕಾಣುವುದು ಇದೇ.

ಲಕ್ಷಾಂತರ ಜನರನ್ನು ಉಳಿಸಿದ ಈ ಏರ್ಪಾಡಿನಲ್ಲಿ ಬಲಹೀನವಾದದ್ದು ಯಂತ್ರವಲ್ಲ, ತಂತಿ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ತಂತಿ ಒಮ್ಮೆ ಬಾಗುತ್ತದೆ. ಹತ್ತು ವರ್ಷಕ್ಕೆ ೩೬ ಕೋಟಿ ಸಲ! ಯಾವ ಲೋಹ, ಯಾವ ಹೊದಿಕೆ ತಾಳೀತು? ಹೊದಿಕೆ ಸೀಳುತ್ತದೆ, ಎಳೆ ಮುರಿಯುತ್ತದೆ, ತುದಿ ಜಾರುತ್ತದೆ. ನಾಳವನ್ನು ಚುಚ್ಚುವಾಗ ಸೂಜಿ ಶ್ವಾಸಕೋಶಕ್ಕೆ ತಗಲುವುದುಂಟು. ತಂತಿ ಹಾದುಹೋಗುವ ನಾಳ ಮುಚ್ಚಿಹೋಗುವುದುಂಟು. ಎರಡು ಕೋಣೆಗಳ ನಡುವಣ ಕವಾಟ ಸರಿಯಾಗಿ ಮುಚ್ಚದಂತೆ ಅದು ಅಡ್ಡವಾಗುವುದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು, ಜೇಬಿಗೆ ತಗಲಿದ ಸೋಂಕು ತಂತಿಯನ್ನೇ ಹಿಡಿದುಕೊಂಡು ಹೃದಯಕ್ಕೆ ಇಳಿಯುವುದು. ಆಗ ತಂತಿಯನ್ನು ತೆಗೆಯಲೇಬೇಕು. ವರ್ಷಗಟ್ಟಲೆ ಮಾಂಸ ಹಬ್ಬಿಕೊಂಡ ತಂತಿಯನ್ನು ಕೀಳುವುದು ಹಾಕಿದ್ದಕ್ಕಿಂತ ಅಪಾಯದ ಕೆಲಸ. ಹಾಲೆಂಡಿನಲ್ಲಿ ೧,೫೧೭ ರೋಗಿಗಳನ್ನು ಹಿಂಬಾಲಿಸಿ ನೋಡಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಂತೆ, ಮೊದಲ ಎರಡು ತಿಂಗಳಲ್ಲೇ ನೂರಕ್ಕೆ ೧೨.೪ರಷ್ಟು ಜನಕ್ಕೆ ಒಂದಲ್ಲ ಒಂದು ತೊಡಕು ಕಾಣಿಸಿಕೊಂಡಿತ್ತು. ಅವುಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವೇ, ನಿಜ. ಆದರೂ ಎಂಟು ಜನರಲ್ಲಿ ಒಬ್ಬನೆಂದರೆ ಕಡಮೆಯೇನಲ್ಲ.

ತಂತಿಯೇ ಬೇಡವೆಂದರೆ? ಯಂತ್ರವೇ ಹೃದಯದೊಳಗೆ ಹೋಗಿ ಕುಳಿತರೆ? ಈ ಯೋಚನೆ ವಿಲಿಯಮ್ ಸ್ಪಿಕ್ಲರ್ ಮತ್ತು ಅವನ ಸಂಗಡಿಗರಿಗೆ ಬಹಳ ಹಿಂದೆಯೇ ಹೊಳೆದಿತ್ತು. ೧೯೭೦ರಲ್ಲಿ ಅವರು ಗುಳಿಗೆಯಂಥ ಪೇಸ್‌ಮೇಕರನ್ನು ನಾಯಿಗಳ ಹೃದಯದೊಳಗೆ ನಾಳದ ಮೂಲಕ ಇಳಿಸಿ ನಡೆಸಿ ತೋರಿಸಿದರು. ಆದರೆ ಆ ಕಾಲದ ಪಾದರಸದ ಬ್ಯಾಟರಿ ಅಷ್ಟು ಚಿಕ್ಕ ಗಾತ್ರದಲ್ಲಿ ಬಹಳ ದಿನ ಬಾಳುವಂತಿರಲಿಲ್ಲ. ಹೃದಯದ ಒಳಗಿರುವ ಯಂತ್ರಕ್ಕೆ ಪದೇ ಪದೇ ಬ್ಯಾಟರಿ ಹಾಕುವುದು ಸಾಧ್ಯವೇ? ಮುಂದೆ ೧೯೭೨ರಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಲಿಥಿಯಮ್-ಅಯೊಡೀನ್ ಬ್ಯಾಟರಿಯನ್ನು ಪೇಸ್‌ಮೇಕರಿಗೆ ತಂದನು. ವಿದ್ಯುತ್ ಮಂಡಲಗಳು ವರ್ಷ ವರ್ಷಕ್ಕೂ ಕಿರಿದಾಗುತ್ತ ಬಂದುವು. ಸ್ಪಿಕ್ಲರನ ಯೋಚನೆ ೪೦ ವರ್ಷ ಕಾದು ಕುಳಿತಿತು.

೨೦೧೨ರ ಡಿಸೆಂಬರಿನಲ್ಲಿ ಪ್ರಾಗ್ ನಗರದ ನಾ ಹೊಮೋಲ್ಕೆ ಆಸ್ಪತ್ರೆಯಲ್ಲಿ ಪೀಟರ್ ನ್ಯೂಜಿಲ್ ಅವರ ತಂಡ ಮನುಷ್ಯನ ಹೃದಯಕ್ಕೆ ಮೊದಲ ತಂತಿಯಿಲ್ಲದ ಪೇಸ್‌ಮೇಕರನ್ನು ಇಳಿಸಿತು. ನ್ಯಾನೋಸ್ಟಿಮ್ ಎಂಬ ಹೆಸರಿನ ಆ ಗುಳಿಗೆಯ ಉದ್ದ ೪೨ ಮಿಲಿಮೀಟರು, ದಪ್ಪ ೬. ತುದಿಯಲ್ಲಿ ತಿರುಪಿನಂತೆ ಸುತ್ತಿದ ಮೊಳೆ. ೨೦೧೩ರ ಡಿಸೆಂಬರಿನಲ್ಲಿ ಆಸ್ಟ್ರಿಯದ ಲಿಂಟ್ಸ್ ಪಟ್ಟಣದಲ್ಲಿ ಮೆಡ್‌ಟ್ರಾನಿಕ್ ಸಂಸ್ಥೆಯ ಮೈಕ್ರಾ ಇಳಿಯಿತು. ಬಾಕನ್ನನ ಗ್ಯಾರೇಜು ಇಲ್ಲಿಯವರೆಗೆ ಬೆಳೆದಿತ್ತು. ಮೈಕ್ರಾ ೨೬ ಮಿಲಿಮೀಟರು ಉದ್ದ, ಕಿರುಬೆರಳ ತುದಿಗೆಣ್ಣಿನಷ್ಟು. ತೂಕ ೨ ಗ್ರಾಮಿಗಿಂತ ಕಡಮೆ. ತಿರುಪಿನ ಬದಲು ಅದಕ್ಕೆ ನಾಲ್ಕು ಕೊಕ್ಕೆಗಳು.

ಇಳಿಸುವ ಬಗೆಯನ್ನು ಕೊಂಚ ವಿವರವಾಗಿ ಹೇಳಬೇಕು. ಏಕೆಂದರೆ ಈ ಚರಿತ್ರೆಯ ಒಳಿತು ಕೆಡುಕುಗಳೆಲ್ಲ ಆ ಒಂದು ಗಳಿಗೆಯಲ್ಲಿ ಅಡಗಿವೆ. ತೊಡೆಯ ಸಂದಿನಲ್ಲಿ ಅಭಿಧಮನಿಯನ್ನು ಚುಚ್ಚಿ, ಹೊರಸುತ್ತು ೯ ಮಿಲಿಮೀಟರು ದಪ್ಪದ ಕೊಳವೆಯೊಂದನ್ನು ಮೇಲಕ್ಕೆ ನಡೆಸುತ್ತಾರೆ. ಅದರೊಳಗೆ ತೂರಿದ ಎರಡನೆಯ ಕೊಳವೆಯ ತುದಿಯಲ್ಲಿ ಗುಳಿಗೆ ಅಡಗಿರುತ್ತದೆ. ಅದು ಹೊಟ್ಟೆಯ ಮಹಾಸಿರೆಯನ್ನು ಹಾದು, ಬಲ ಹೃತ್ಕರ್ಣವನ್ನು ಹೊಕ್ಕು, ಕವಾಟವನ್ನು ದಾಟಿ ಬಲ ಹೃತ್ಕುಕ್ಷಿಗೆ ಬರುತ್ತದೆ. ವೈದ್ಯರ ಕಣ್ಣೆಲ್ಲ ಎಕ್ಸ್‌ರೇ ತೆರೆಯ ಮೇಲೆ. ತುದಿ ಎಲ್ಲಿ ತಾಗಿದೆ ಎಂದು ತಿಳಿಯಲು ಬಣ್ಣದ ದ್ರವ ಬಿಟ್ಟು, ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ನೋಡುತ್ತಾರೆ. ಒಂದೇ ಕಡೆಯಿಂದ ನೋಡಿದರೆ ಎದುರಿನ ಗೋಡೆ ಪಕ್ಕದ ಗೋಡೆಯಂತೆ ಕಂಡು ಮೋಸಹೋಗುವ ಸಂಭವವುಂಟು. ಜಾಗ ಸರಿಯೆನಿಸಿದಾಗ ಕೊಳವೆಯನ್ನು ಹಿಂದಕ್ಕೆ ಸರಿಸಿದರೆ, ಮಡಿಸಿಟ್ಟಿದ್ದ ಕೊಕ್ಕೆಗಳು ಬಿಚ್ಚಿಕೊಂಡು ಮಾಂಸದಲ್ಲಿ ನಾಟುತ್ತವೆ. ಅವು ನಿಕ್ಕಲ್-ಟೈಟೇನಿಯಮ್ ಮಿಶ್ರಲೋಹದವು; ಎಷ್ಟು ನೀಡಿದರೂ ತಮ್ಮ ಮೊದಲಿನ ಬಾಗಿಗೇ ಮರಳುವ ಗುಣ ಅದಕ್ಕಿದೆ. ಅನಂತರ ಗುಳಿಗೆಗೆ ಕಟ್ಟಿದ ದಾರವನ್ನು ಮೆಲ್ಲನೆ ಎಳೆದು ಪರೀಕ್ಷಿಸುತ್ತಾರೆ. ನಾಲ್ಕರಲ್ಲಿ ಎರಡು ಕೊಕ್ಕೆಯಾದರೂ ಹಿಡಿದಿರುವುದು ತೆರೆಯ ಮೇಲೆ ಕಾಣಬೇಕು. ಎಷ್ಟು ಸಣ್ಣ ಪೆಟ್ಟಿಗೆ ಹೃದಯ ಓಗೊಡುತ್ತದೆಂದು ಅಳೆಯುತ್ತಾರೆ. ತೃಪ್ತಿಯಾಗದಿದ್ದರೆ ದಾರ ಹಿಡಿದು ಗುಳಿಗೆಯನ್ನು ಮತ್ತೆ ಕೊಳವೆಯೊಳಕ್ಕೆ ಸೇದಿ ಬೇರೆ ಜಾಗ ನೋಡುತ್ತಾರೆ. ತೃಪ್ತಿಯಾದರೆ ದಾರವನ್ನು ಕತ್ತರಿಸಿ ಎಳೆದುಕೊಳ್ಳುತ್ತಾರೆ.

ದಾರ ಕತ್ತರಿಸಿದಲ್ಲಿಗೆ ಹೊರಗಿನ ಲೋಕಕ್ಕೂ ಆ ಗುಳಿಗೆಗೂ ಇದ್ದ ಸಂಬಂಧ ಕಡಿದಂತೆ. ಹಳೆಯ ತಂತಿಗೆ ನೂರು ದೋಷಗಳಿದ್ದರೂ, ಹೊಸದರಲ್ಲಿ ಅದನ್ನು ಹಿಡಿದು ಎಳೆದುಕೊಳ್ಳಬಹುದಾಗಿತ್ತು. ಹಗ್ಗ ಕಳಚಿ ಬಾವಿಗೆ ಬಿದ್ದ ಕೊಡವನ್ನು ತೆಗೆಯಲು ಪಾತಾಳಗರಡಿ ಬೇಕು. ಗುಳಿಗೆಗೂ ಹಾಗೆಯೇ, ಕುಣಿಕೆ ಹಾಕಿ ಹಿಡಿಯುವ ಕೊಳವೆಗಳು ಉಂಟು, ಆದರೆ ಗುಳಿಗೆಯ ಸುತ್ತ ಮಾಂಸ ಬೆಳೆದಷ್ಟೂ ಕೆಲಸ ಕಷ್ಟ. ಗುಳಿಗೆ ಕಿತ್ತುಬಂದರಂತೂ ರಕ್ತದ ಓಟದೊಡನೆ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಮೊದಲ ವರ್ಷಗಳಲ್ಲಿ ಎಲ್ಲರ ಅಂಜಿಕೆ ಇದೇ ಆಗಿತ್ತು: ಕಿತ್ತುಬಂದರೆ? ನಿಜವಾದ ಅಪಾಯ ಬೇರೆ ಕಡೆಯಿಂದ ಬಂದಿತು. ಎಡ ಹೃತ್ಕುಕ್ಷಿಯ ಗೋಡೆ ಸುಮಾರು ೧೦ ಮಿಲಿಮೀಟರು ದಪ್ಪ. ಬಲದ್ದು ೩ರಿಂದ ೫ ಮಾತ್ರ, ತುದಿಯ ಹತ್ತಿರ ಇನ್ನೂ ತೆಳು. ಪ್ರಾಗ್‌ನಿಂದ ಮೊದಲುಗೊಂಡ ಪ್ರಥಮ ಪ್ರಯೋಗದಲ್ಲಿ ಇದ್ದವರು ೩೩ ರೋಗಿಗಳು. ೩೨ ಜನರಲ್ಲಿ ಕೆಲಸ ಕೈಗೂಡಿತು. ಒಬ್ಬನಿಗೆ ಹೃದಯದ ಗೋಡೆ ತೂತಾಯಿತು. ಹೃದಯವನ್ನು ಸುತ್ತಿದ ಚೀಲದಲ್ಲಿ ರಕ್ತ ತುಂಬಿದರೆ ಹೃದಯಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ತುರ್ತು ಶಸ್ತ್ರಚಿಕಿತ್ಸೆ ಮಾಡಿದರು. ಆದರೂ ಆ ರೋಗಿ ಮುಂದೆ ಪಾರ್ಶ್ವವಾಯು ಬಡಿದು ತೀರಿಹೋದನು. ೨೦೧೩ರ ಅಕ್ಟೋಬರಿನಲ್ಲಿ ಯೂರೋಪಿನಲ್ಲಿ ನ್ಯಾನೋಸ್ಟಿಮ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಅಲ್ಲಿಯೂ ಹೃದಯ ತೂತಾದ ಪ್ರಸಂಗಗಳು ವರದಿಯಾದುವು, ಸಾವುಗಳೂ ಆದುವು. ೨೦೧೪ರ ಏಪ್ರಿಲಿನಲ್ಲಿ ಕೆಲಸವನ್ನು ತಡೆಹಿಡಿದರು. ಗುಳಿಗೆಯನ್ನು ಎಲ್ಲಿ ಇಡಬೇಕು, ಯಾರಿಗೆ ಇಡಬಾರದು, ವೈದ್ಯರಿಗೆ ತರಬೇತಿ ಹೇಗೆ ಕೊಡಬೇಕು ಎಂಬ ವಿಚಾರ ಆಮೇಲೆ ಬಿಗಿಯಾಯಿತು.

ಎಲ್ಲಿ ಇಡಬೇಕು ಎಂಬುದಕ್ಕೆ ಸಿಕ್ಕಿದ ಉತ್ತರ ಸರಳವಾದುದೇ. ಹಳೆಯ ತಂತಿಯ ತುದಿಯನ್ನು ಹೃತ್ಕುಕ್ಷಿಯ ಕೆಳತುದಿಗೆ ಕೊಂಡೊಯ್ಯುವುದು ವೈದ್ಯರ ಕೈಗೆ ಪಳಗಿದ್ದ ಅಭ್ಯಾಸ. ಅದೇ ಕೈ ಗುಳಿಗೆಯನ್ನೂ ಅಲ್ಲಿಗೇ ಒಯ್ಯುತ್ತಿತ್ತು. ಆದರೆ ಎರಡು ಹೃತ್ಕುಕ್ಷಿಗಳ ನಡುವೆ ಇರುವ ಗೋಡೆ ದಪ್ಪವಾದುದು. ಒಂದು ಪಕ್ಷ ಕೊಕ್ಕೆ ಆಳಕ್ಕೆ ಹೋದರೂ ಅದರಾಚೆ ಇರುವುದು ಹೃದಯವೇ, ಹೊರಗಿನ ಚೀಲವಲ್ಲ. ಆದ್ದರಿಂದ ತುದಿಯನ್ನು ಬಿಟ್ಟು ನಡುಗೋಡೆಗೆ ಬರಬೇಕೆಂಬುದು ಕ್ರಮೇಣ ನಿಯಮವಾಯಿತು. ಯಾರಿಗೆ ಅಪಾಯ ಹೆಚ್ಚು ಎಂಬುದೂ ತಿಳಿಯಿತು: ಬಹಳ ವಯಸ್ಸಾದವರು, ಮೈ ತೆಳುವಾದವರು, ಹೆಂಗಸರು, ಶ್ವಾಸಕೋಶದ ಹಳೆಯ ಕಾಯಿಲೆಯುಳ್ಳವರು. ಪೇಸ್‌ಮೇಕರ್ ಬೇಕಾಗುವುದು ಬಹುಮಟ್ಟಿಗೆ ಇಂಥ ವೃದ್ಧರಿಗೇ ಎಂಬುದನ್ನು ಮರೆಯಬಾರದು.

ದೊಡ್ಡ ಪ್ರಯೋಗಗಳ ಫಲ ೨೦೧೫ರಲ್ಲೂ ೨೦೧೬ರಲ್ಲೂ ಹೊರಬಂದಿತು. ನ್ಯೂಯಾರ್ಕಿನ ವಿವೇಕ್ ರೆಡ್ಡಿ ಮತ್ತು ಸಂಗಡಿಗರು ನ್ಯಾನೋಸ್ಟಿಮ್ ಇಡಲು ತೊಡಗಿದ ೫೨೬ ಜನರಲ್ಲಿ ೫೦೪ ಜನಕ್ಕೆ ಇಟ್ಟರು. ಆರು ತಿಂಗಳು ಹಿಂಬಾಲಿಸಿದ ೩೦೦ ಜನರಲ್ಲಿ ನೂರಕ್ಕೆ ೬.೭ ಜನಕ್ಕೆ ಗುಳಿಗೆಯಿಂದ ಗಂಭೀರ ತೊಂದರೆಯಾಯಿತು. ಜಾಗ ಬಿಟ್ಟು ಕಿತ್ತುಬಂದದ್ದು ೧.೭, ಹೃದಯ ತೂತಾದದ್ದು ೧.೩. ಮೈಕ್ರಾ ೭೨೫ ಜನರಲ್ಲಿ ೭೧೯ ಜನಕ್ಕೆ ಯಶಸ್ವಿಯಾಗಿ ಇಳಿಯಿತು; ದೊಡ್ಡ ತೊಡಕು ೨೫ ಜನಕ್ಕೆ. ಕಿತ್ತುಬಂದದ್ದು ಒಂದೂ ಇಲ್ಲ. ಹೃದಯಕ್ಕೆ ಪೆಟ್ಟಾದದ್ದು ನೂರಕ್ಕೆ ೧.೬. ತಂತಿಯುಳ್ಳ ಹಳೆಯ ಪೇಸ್‌ಮೇಕರಿನ ೨,೬೬೭ ರೋಗಿಗಳಲ್ಲಿ ದೊಡ್ಡ ತೊಡಕು ಆದದ್ದು ನೂರಕ್ಕೆ ೭.೪ ಎಂದು ತೋರಿಸಿ, ಹೊಸದೇ ಮೇಲೆಂದು ವರದಿ ಹೇಳಿತು. ಇಲ್ಲಿ ಒಂದು ಮಾತು ಹೇಳದಿರಲಾರೆ. ಈ ೨,೬೬೭ ಜನ ಅದೇ ಪ್ರಯೋಗದಲ್ಲಿದ್ದವರಲ್ಲ. ಹಿಂದಿನ ಪ್ರಯೋಗಗಳ ಕಡತದಿಂದ ಎತ್ತಿಕೊಂಡವರು. ಹೋದ ವರ್ಷದ ನೆರೆಹೊಲದ ಫಸಲಿಗೆ ಈ ವರ್ಷದ ನಮ್ಮ ಹೊಲದ ಫಸಲನ್ನು ಹೋಲಿಸಿದಂತೆ. ಹೋಲಿಕೆ ಸುಳ್ಳಲ್ಲ; ತೂಕ ಮಾತ್ರ ಕೊಂಚ ಕಡಮೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ೨೦೧೬ರ ಏಪ್ರಿಲಿನಲ್ಲಿ ಮೈಕ್ರಾಕ್ಕೆ ಒಪ್ಪಿಗೆ ಕೊಟ್ಟಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾನೋಸ್ಟಿಮ್‌ಗೆ ಎರಡನೆಯ ಗಂಡಾಂತರ ಬಂದಿತು. ಲೋಕದಲ್ಲೆಲ್ಲ ೧,೪೨೩ ಜನರ ಹೃದಯದಲ್ಲಿ ಅದು ಕುಳಿತಿತ್ತು; ಕೆಲವರಲ್ಲಿ ಬ್ಯಾಟರಿ ಯಾವ ಮುನ್ಸೂಚನೆಯನ್ನೂ ಕೊಡದೆ ಅವಧಿಗೆ ಮೊದಲೇ ಬತ್ತಿಹೋಯಿತು. ಹೊಸದಾಗಿ ಇಡುವುದನ್ನು ನಿಲ್ಲಿಸಿದರು. ಮರುವರ್ಷ, ಹಿಡಿದು ಹಿಂದಕ್ಕೆ ತೆಗೆಯಲೆಂದು ಗುಳಿಗೆಯ ಹಿಂಬದಿಯಲ್ಲಿ ಇಟ್ಟಿದ್ದ ಗುಂಡಿಯೇ ಕೆಲವದರಲ್ಲಿ ಕಳಚಿಕೊಳ್ಳುತ್ತದೆಂಬ ಸುದ್ದಿ ಬಂದಿತು. ತೆಗೆಯಬೇಕಾದ ಹೊತ್ತಿಗೆ ಹಿಡಿಯೇ ಇಲ್ಲ! ಎಷ್ಟೋ ರೋಗಿಗಳಿಗೆ ಗುಳಿಗೆಯನ್ನು ತೆಗೆದು ಬೇರೆಯದನ್ನು ಇಟ್ಟರು. ಉಳಿದವರಿಗೆ ಅದನ್ನು ಅಲ್ಲಿಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು, ಇಲ್ಲವೆ ಹಳೆಯ ತಂತಿಯದನ್ನು, ಇಟ್ಟರು. ಆ ಮಾದರಿಯನ್ನು ತಿದ್ದಿ ಮಾಡಿದ ಅವೀರ್ ಎಂಬುದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ೨೦೨೨ರಲ್ಲಿ. ಅದರ ವಿಶೇಷವೆಂದರೆ, ತಿರುಪನ್ನು ಬಿಗಿಯುವ ಮೊದಲೇ ತುದಿಯನ್ನು ಗೋಡೆಗೆ ತಾಗಿಸಿ ವಿದ್ಯುತ್ತಿನ ಅಳತೆ ನೋಡಬಹುದು. ಜಾಗ ಸರಿಯಿಲ್ಲವೆಂದು ತಿಳಿಯಲು ಗೋಡೆಯನ್ನು ಚುಚ್ಚಬೇಕಾಗಿಲ್ಲ.

೨೦೨೧ರ ನವೆಂಬರಿನಲ್ಲಿ ಅಮೆರಿಕದ ಅದೇ ಇಲಾಖೆ ವೈದ್ಯರಿಗೆ ಒಂದು ಪತ್ರ ಬರೆಯಿತು. ತೂತಾಗುವ ಸಂಭವ ತಂತಿಯುಳ್ಳದಕ್ಕೂ ಇಲ್ಲದ್ದಕ್ಕೂ ಹೆಚ್ಚುಕಡಮೆ ಒಂದೇ. ಆದರೆ ತೂತಾದಾಗ ತಂತಿಯಿಲ್ಲದ್ದರಲ್ಲಿ ಸಾವೂ ಸೇರಿದಂತೆ ಘೋರ ಪರಿಣಾಮಗಳು ಹೆಚ್ಚು ಎಂಬುದು ಅದರ ಸಾರ. ಇದರಲ್ಲಿ ಆಶ್ಚರ್ಯಪಡುವುದೇನಿದೆ? ಎರಡು ಮಿಲಿಮೀಟರು ತಂತಿ ಮಾಡುವ ಗಾಯಕ್ಕೂ ಅದರ ಮೂರರಷ್ಟು ದಪ್ಪದ ಗುಳಿಗೆಯೂ ಕೊಳವೆಯೂ ಮಾಡುವ ಗಾಯಕ್ಕೂ ಅಂತರವಿರಲೇಬೇಕು. ಅಮೆರಿಕದ ವೃದ್ಧರ ಸರ್ಕಾರಿ ವಿಮೆಯ ದಾಖಲೆಗಳನ್ನು ಜಾಲಿಸಿ ನೋಡಿದವರು ಅದೇ ವರ್ಷ ಇನ್ನಷ್ಟು ಸ್ಪಷ್ಟವಾದ ಲೆಕ್ಕ ಕೊಟ್ಟರು. ಮೊದಲ ೩೦ ದಿನಗಳಲ್ಲಿ ಹೃದಯದ ಗೋಡೆಗೋ ಚೀಲಕ್ಕೋ ತೊಂದರೆಯಾದದ್ದು ಮೈಕ್ರಾ ಇಟ್ಟವರಲ್ಲಿ ನೂರಕ್ಕೆ ೦.೮, ತಂತಿಯುಳ್ಳವರಲ್ಲಿ ೦.೪. ಅದೇ ಎರಡು ವರ್ಷ ಕಳೆದ ಮೇಲೆ ನೋಡಿದರೆ ತಕ್ಕಡಿ ಬೇರೆ ಕಡೆಗೆ ಇಳಿಯುತ್ತದೆ: ಬಹುದಿನದ ತೊಡಕುಗಳು ತಂತಿಯಿಲ್ಲದವರಲ್ಲಿ ನೂರಕ್ಕೆ ೩೧ರಷ್ಟು ಕಡಮೆ, ಮತ್ತೆ ಕೈಹಾಕಬೇಕಾದ ಪ್ರಸಂಗ ೩೮ರಷ್ಟು ಕಡಮೆ. ಹಳೆಯದು ತನ್ನ ಸಾಲವನ್ನು ಕಂತುಕಂತಾಗಿ ವರ್ಷಗಟ್ಟಲೆ ವಸೂಲು ಮಾಡುತ್ತದೆ. ಹೊಸದು ಮೊದಲ ಗಂಟೆಯಲ್ಲೇ ಕೇಳುತ್ತದೆ. ಆದಕಾರಣ ಇಡುವ ಕೈ ಯ���ವುದು, ಎಷ್ಟು ಪಳಗಿದ್ದು, ತೂತಾದರೆ ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಅದೇ ಕಟ್ಟಡದಲ್ಲಿ ಇದ್ದಾರೆಯೇ ಎಂದು ಮನೆಯವರು ಕೇಳುವುದು ಅಧಿಕಪ್ರಸಂಗವೇನೂ ಅಲ್ಲ.

ಎಲ್ಲರಿಗೂ ಇದು ಬೇಕೆಂದೂ ಇಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಒಮ್ಮೆ ತಂತಿಗೆ ಸೋಂಕು ತಗಲಿ ತೆಗೆಸಿಕೊಂಡವರು, ಮೇಲಿನ ನಾಳಗಳು ಮುಚ್ಚಿಹೋದವರು — ಇವರಿಗೆ ಇದು ವರ. ಬೆಲೆ ನಮ್ಮ ದೇಶದಲ್ಲಿ ಸಾಮಾನ್ಯ ಪೇಸ್‌ಮೇಕರಿಗಿಂತ ಹಲವು ಪಟ್ಟು. ಅಲ್ಲದೆ ಮೊದಲ ಗುಳಿಗೆಗಳು ಕೆಳಗಿನ ಒಂದೇ ಕೋಣೆಯನ್ನು ನಡೆಸುತ್ತಿದ್ದುವು. ಮೇಲಿನ ಕೋಣೆಯ ಲಯ ಅವಕ್ಕೆ ತಿಳಿಯದು. ೨೦೨೦ರಲ್ಲಿ ಒಪ್ಪಿಗೆ ಪಡೆದ ಮೈಕ್ರಾದ ಹೊಸ ಮಾದರಿ, ಮೇಲಿನ ಕೋಣೆ ಹಿಂಡಿದಾಗ ಆಗುವ ಅಲುಗಾಟವನ್ನು ಕೆಳಗೆ ಕುಳಿತೇ ಗುರುತಿಸಿ ಅದಕ್ಕೆ ಹೊಂದಿಕೊಂಡು ಮಿಡಿಯುತ್ತದೆ. ೨೦೨೩ರಲ್ಲಿ ಅವೀರ್‌ನವರು ಎರಡು ಕೋಣೆಗೂ ಒಂದೊಂದು ಗುಳಿಗೆ ಇಟ್ಟರು. ನಡುವೆ ತಂತಿಯಿಲ್ಲ, ರಕ್ತ ಮಾಂಸಗಳ ಮೂಲಕವೇ ಸಣ್ಣ ವಿದ್ಯುತ್ ಸಂಕೇತಗಳನ್ನು ಕಳಿಸಿ ಅವು ಒಂದಕ್ಕೊಂದು ಮಾತನಾಡಿಕೊಳ್ಳುತ್ತವೆ. ೩೦೦ ಜನರಲ್ಲಿ ನೂರಕ್ಕೆ ೯೮.೩ರಷ್ಟು ಜನಕ್ಕೆ ಎರಡನ್ನೂ ಇಡಲಾಯಿತು. ೯೦ ದಿನ ಯಾವ ಗಂಭೀರ ತೊಡಕೂ ಇಲ್ಲದೆ ಕಳೆದವರು ನೂರಕ್ಕೆ ೯೦.೩. ಹೃತ್ಕರ್ಣದ ಗೋಡೆ ಹೃತ್ಕುಕ್ಷಿಯದಕ್ಕಿಂತಲೂ ತೆಳುವಾದುದು.

ಮೈಕ್ರಾದ ಬ್ಯಾಟರಿಗೆ ತಯಾರಕರು ಅಂದಾಜು ಮಾಡಿದ ಆಯುಷ್ಯ ಸುಮಾರು ೧೨ ವರ್ಷ. ಲಿಂಟ್ಸ್‌ನಲ್ಲಿ ೨೦೧೩ರ ಡಿಸೆಂಬರಿನಲ್ಲಿ ಇಟ್ಟ ಮೊದಲನೆಯದಕ್ಕೆ ಆ ಲೆಕ್ಕದಂತೆ ೨೦೨೫ರ ಕೊನೆಗೆ ಅವಧಿ ತುಂಬುತ್ತದೆ. ಅದರ ಹಿಂದೆ ಬಂದವು ವರ್ಷ ವರ್ಷಕ್ಕೂ ಸಾಲುಸಾಲಾಗಿ ಆ ಗಡಿಗೆ ಬರಬೇಕು. ಅಷ್ಟರಲ್ಲಿ ಅವುಗಳ ಸುತ್ತ ಮಾಂಸದ ಪೊರೆ ಬೆಳೆದಿರುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಇಡುವುದೋ, ಹಳೆಯದರ ಮಿಡಿತವನ್ನು ನಿಲ್ಲಿಸಿ ಅಲ್ಲಿಯೇ ಬಿಟ್ಟು ನಡುಗೋಡೆಯ ಮೇಲೆ ಇನ್ನೊಂದು ಜಾಗ ಹುಡುಕುವುದೋ? ಒಂದರ ಗಾತ್ರ ಒಂದು ಘನ ಸೆಂಟಿಮೀಟರಿಗಿಂತಲೂ ಕಡಮೆಯಾದ್ದರಿಂದ ಬಲ ಹೃತ್ಕುಕ್ಷಿಯಲ್ಲಿ ಎರಡು ಮೂರಕ್ಕೆ ಸ್ಥಳವಿದೆ ಎನ್ನುತ್ತಾರೆ. ಎಂಬತ್ತು ದಾಟಿದವರ ಮಟ್ಟಿಗೆ ಈ ಲೆಕ್ಕ ಸಾಕು. ನಾಲ್ವತ್ತರ ಹರೆಯದಲ್ಲಿ ಗುಳಿಗೆ ಇಡಿಸಿಕೊಂಡವನಿಗೆ ಎಷ್ಟು ಬೇಕಾದೀತೆಂದು ಅವನ ವೈದ್ಯರು ಮೊದಲ ದಿನವೇ ಕೂಡಿ ಕಳೆದು ನೋಡುತ್ತಾರೆ.